ಆರೋ, ಮೂವತ್ತೋ

ಕಂಬಂ
೧೨ ಮಾರ್ಚ್ ೨೦೨೪

ಪ್ರೀತಿಯ ಅವ್ವಾ,

ಕೊಡೈಕಾನಲ್ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಬಾಲಮುರುಗನ್ ಅಣ್ಣನ ಮಗು ಈಗಲಾದರೂ ಅತ್ತಿಗೆಯ ಹತ್ತಿರ ಮಲಗುತ್ತದೆಯೋ, ನಿನ್ನ ಮಡಿಲೇ ಬೇಕೋ? ಫೋನಿನಲ್ಲಿ ಅದರ ಅಳುವಿನ ನಡುವೆ ನನ್ನ ಮಾತು ನಿನಗೆ ಅರ್ಧವೇ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಚಪ್ಪರದಲ್ಲಿ ದ್ರಾಕ್ಷಿ ಬಣ್ಣ ತಿರುಗಿದೆ. ಅಡುಗೆ ನನ್ನದು, ಸಾರಿಗೆ ಉಪ್ಪು ಅಪ್ಪ ತಾವೇ ಹಾಕಿಕೊಳ್ಳುತ್ತಾರೆ.

ಪಿಎಚ್.ಡಿ. ಪ್ರಬಂಧವನ್ನು ಕೊನೆಗೂ ಒಪ್ಪಿಸಿದೆ. ಯಾಕಿಷ್ಟು ತಡ ಎಂದು ನೀನು ಕೇಳುತ್ತಿದ್ದೆಯಲ್ಲ, ಹೇಳುತ್ತೇನೆ. ಏಳು, ಹನ್ನೊಂದು, ಹದಿಮೂರು ಇವೆಲ್ಲ ಒಂದನ್ನೂ ತಮ್ಮನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳು. ಅಂಥ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಎಷ್ಟು ದೂರ ಎಂದು ನೋಡುವುದೇ ನನ್ನ ಕೆಲಸ. ಏಳರಿಂದ ಹನ್ನೊಂದಕ್ಕೆ ನಾಲ್ಕು, ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತಕ್ಕೆ ಆರು. ಮೊದಮೊದಲು ಎರಡು, ನಾಲ್ಕರ ಅಂತರವೇ ಹೆಚ್ಚು ಸಲ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ದೂರ ಹೋದರೂ ಆರರದೇ ಮೇಲುಗೈ. ಆದರೆ ಮೂವತ್ತೈದು ಅಂಕಿಗಳಷ್ಟು ಉದ್ದದ ಸಂಖ್ಯೆಗಳ ಆಚೆ ಆರನ್ನು ಮೂವತ್ತು ಹಿಂದೆ ಹಾಕುತ್ತದೆ ಎಂದು ತಿಳಿದವರ ಊಹೆ. ಅಲ್ಲಿವರೆಗೆ ಎಣಿಸಿದವರಿಲ್ಲ, ಸಾಧಿಸಿ ತೋರಿಸಿದವರೂ ಇಲ್ಲ.

ನನಗೆ ಮಾರ್ಗದರ್ಶಕರಾಗಿರುವ ಕಂದಸಾಮಿ ಸರ್ ನಮ್ಮವರೇ, ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. “ಆರು ತಾನೇ ಬರ್ತದೆ, ಎಲ್ರೂ ನೋಡವ್ರೆ. ‘ಯಾವಾಗ್ಲೂ ಆರೇ’ ಅಂತ ಬರೆದು ಮುಗಿಸಮ್ಮಾ, ಕಾಲೇಜಲ್ಲಿ ಕೆಲ್ಸಾ ಕಾದದೆ” ಅಂದರು. ನಾನು ಬರೆಯಲಿಲ್ಲ. ‘ನಾವು ಎಣಿಸಿದಷ್ಟು ದೂರ ಆರು’ ಎಂದು ಬರೆದುಕೊಂಡು ಹೋದೆ. ಅವರು ಸಹಿ ಹಾಕದೆ ವಾಪಸು ಕೊಟ್ಟರು. ಮತ್ತೆ ಹೋದೆ, ಮತ್ತೆ ವಾಪಸು. ತೇನಿಯ ಕಾಲೇಜಿನಿಂದ ಬಸ್ಸಿನಲ್ಲಿ ಮನೆ ತಲುಪುವವರೆಗೂ ನಾನೇ ಹಟ ಮಾಡುತ್ತಿದ್ದೇನೇನೋ ಅನ್ನಿಸುತ್ತಿತ್ತು. ಅಪ್ಪನೂ, “ಆರಾದ್ರೇನು ಮೂವತ್ತಾದ್ರೇನು, ಅಲ್ಲಿಗಂಟ ಎಣಿಸೋಕೆ ಯಾರ್ ಹೋದಾರು?” ಅಂದರು. “ಯಾರೂ ಹೋಗಿಲ್ವಲ್ಲ, ಅದಕ್ಕೇ ‘ಯಾವಾಗ್ಲೂ’ ಅಂತ ಬರೀಬಾರ್ದು” ಅಂದೆ. ಅವರು ನಕ್ಕುಬಿಟ್ಟರು.

ಹೋದ ವಾರ ಸರ್ ಆ ಪುಟವನ್ನು ಬಹಳ ಹೊತ್ತು ಓದಿದರು. ಕೋಪ ಬಂದಾಗ ಮಾತ್ರ ಅವರ ಬಾಯಲ್ಲಿ ತಮಿಳು. “ಉನ್ ಇಷ್ಟಂ, ನಿನ್ನಿಷ್ಟ” ಎಂದು ಎರಡರಲ್ಲೂ ಹೇಳಿ ಸಹಿ ಹಾಕಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಖುಷಿಯಾಯಿತು ಅವ್ವಾ, ನಿಜವಾಗಿ.

ಅಣ್ಣನಿಗೂ ಅತ್ತಿಗೆಗೂ ಕೇಳಿದೆನೆಂದು ಹೇಳು. ಮಗುವಿನ ಕೆನ್ನೆಗೆ ಒಂದು ಮುತ್ತು.

ನಿನ್ನ ಮಗಳು,
ಮಣಿಮೇಗಲೈ

ಮರೆತದ್ದು: ಆಂಡಿ ಮಾವ ಕೊಡೈಕಾನಲ್ ಕಡೆಗೇ ಹೊರಟಿದ್ದಾರೆ, ವ್ಯಾನ್ ಸ್ಟಾರ್ಟ್ ಮಾಡಿಕೊಂಡೇ ಈ ಪತ್ರಕ್ಕೆ ಕಾಯುತ್ತಿದ್ದಾರೆ. ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಹಿ ತಡವಾದ್ದರಿಂದ ಕಾಲೇಜಿನ ಕಾಯಂ ಕೆಲಸ ನನ್ನ ಜೊತೆಯ ಸುಂದರ್‌ಗೆ ಹೋಯಿತು. ಬೆಳಿಗ್ಗೆ ಅಪ್ಪನಿಗೆ ಹೇಳಿದೆ. “ಒಂದ್ ಮಾತಿಗೋಸ್ಕರವಾ ತಾಯೀ?” ಅಂದರು. ಹೌದು ಅಂದೆ. ತಟ್ಟೆಯಲ್ಲಿದ್ದ ಇಡ್ಲಿ ಬಿಟ್ಟು ತೋಟಕ್ಕೆ ಹೋದವರು ಇನ್ನೂ ಬಂದಿಲ್ಲ. ಓದಿದ ಕೂಡಲೇ ಅವರಿಗೆ ಫೋನ್ ಮಾಡು. ನನ್ನ ಪರವಾಗಿ ಏನೂ ಹೇಳಬೇಡ. ಊಟ ಮಾಡಿ ಅಂತ ಹೇಳು, ಸಾಕು.