ಕಿಣ್ವವಿಲ್ಲದ ತಳಿ

ಸೆಂದಾಯ್, ಗುರುವಾರ ಬೆಳಿಗ್ಗೆ

ಪೂಜ್ಯ ಹನವಾ ಗುರುಗಳಿಗೆ ಉಕಾಯ್ ತೊಮೊಯೆಯ ನಮಸ್ಕಾರಗಳು.

ಫ್ರೀಜರಿನ ಕೆಳಗಿನ ಖಾನೆಯಲ್ಲಿ ನನ್ನ ಹೆಸರಿನ ಡಬ್ಬಿಯಿದೆ. ಅದರಲ್ಲಿರುವ ಸರಿಯಾದ ಬ್ಯಾಕ್ಟೀರಿಯಾ ತಳಿಯನ್ನು ಇಂದೇ ನಮ್ಮ ಹೊಸ ಸಂಶೋಧಕಿ ಮಿನೆಗಿಷಿಗೆ ಕೊಡಿಸಿ. ಡಿಎನ್‌ಎ ನಕಲಾಗುವಾಗ ಅದರ ಎಳೆ ಒಮ್ಮೊಮ್ಮೆ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತದಲ್ಲ, ಅದನ್ನು ಕತ್ತರಿಸುವ ಕಿಣ್ವವೇ ಇಲ್ಲದ ತಳಿಯನ್ನು ಅವಳು ನಾಲ್ಕು ತಿಂಗಳಿಂದ ಬೆಳೆಸುತ್ತಿದ್ದಾಳೆ. ಅವಳು ಹುಡುಕುವ ಕತ್ತರಿಸಿದ ತುಂಡುಗಳು ಎಲ್ಲಿಂದ ಸಿಗಬೇಕು? ಡಬ್ಬಿಗಳ ಚೀಟಿ ಅದಲುಬದಲಾದದ್ದು ನನ್ನ ಕೈತಪ್ಪಿನಿಂದ. ಆದರೆ ಅದು ಮೊದಲ ವಾರದಲ್ಲೇ ನನಗೆ ತಿಳಿದಿತ್ತು.

ಕಿಣ್ವ ಆ ಮಡಿಕೆಯ ಬುಡವನ್ನು ಕತ್ತರಿಸುತ್ತದೆಂದು ನಾನು ಹನ್ನೊಂದು ವರ್ಷ ಹೇಳಿಕೊಂಡು ಬಂದೆ. ಅವಳು ಬಂದ ತಿಂಗಳಲ್ಲೇ, "ಮೊದಲು ತುದೀನ ಕತ್ತರಿಸುತ್ತೋ ಏನೋ" ಎಂದಳು. ನೀವು ಊಟದ ಮೇಜಿನಲ್ಲಿ ಚಾಪ್‌ಸ್ಟಿಕ್ ಕೆಳಗಿಟ್ಟು, "ನಿಂಗೆ ಕಣ್ಣಿದೆ ಕಣಮ್ಮ" ಎಂದಿರಿ. ಆ ಮಾತನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ.

ನಿನ್ನೆ ಅವಳು ತನ್ನ ಬುತ್ತಿಯ ಅನ್ನದುಂಡೆಯೊಂದನ್ನು ನನ್ನ ಮುಂದಿಟ್ಟು, "ಅಕ್ಕ, ನನ್ನ ಕೈಯಲ್ಲೇ ಏನೋ ದೋಷ ಇದೆ ಅನ್ಸತ್ತೆ. ಬಿಟ್ಟು ಊರಿಗೆ ಹೋಗ್ಲಾ?" ಎಂದು ಕೇಳಿದಳು.

"ಎಲ್ಲರ ಕೈಗೂ ಈ ಕೆಲಸ ಒಗ್ಗಲ್ಲ" ಎಂದೆ. ಅನ್ನದುಂಡೆಯನ್ನೂ ತಿಂದೆ.

ಇಂದು ಹತ್ತು ಗಂಟೆಗೆ ನಾನೇ ಅವಳಿಗೆ ಎಲ್ಲವನ್ನೂ ಹೇಳುತ್ತೇನೆ. ಹಿಂಜರಿದೇನೆಂದು ಮೊದಲು ನಿಮಗೆ ಬರೆದಿದ್ದೇನೆ.

ಸರಿಯಾದ ತಳಿಯ ಮೇಲೆ ಅವಳ ಪ್ರಯೋಗವನ್ನು ನಾನು ಗುಟ್ಟಾಗಿ ಮಾಡಿ ನೋಡಿದೆ. ಕಿಣ್ವ ಮೊದಲು ಕತ್ತರಿಸುವುದು ತುದಿಯನ್ನೇ. ಇದೊಂದನ್ನು ಮಾತ್ರ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ಅವಳೇ ಕಾಣಲಿ.

ಇಂತಿ,
ಉಕಾಯ್ ತೊಮೊಯೆ