ಮುಳ್ಳೂರಿನಲ್ಲಿ ಉರಿಯದ ಒಲೆಗಳು

ಜುಲೈ 8, ಮಂಗಳವಾರ

ಮಧುವನಹಳ್ಳಿ ಮುಗಿಯಿತು. ಹದಿನಾಲ್ಕು ಮನೆ, ಹದಿನಾಲ್ಕು ಫೋಟೊ. ಗೋಬರ್ ಗ್ಯಾಸ್ ಒಲೆ ಹಚ್ಚಿಸುವುದು, ನೀಲಿ ಉರಿಯ ಫೋಟೊ ತೆಗೆಯುವುದು, ಆ್ಯಪ್‌ಗೆ ಹಾಕುವುದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಕೊಡಿಸಿದ ಒಲೆಗಳು. ಅವರ ಎಸಿ, ಸರ್ವರ್, ವಿಮಾನದ ಓಡಾಟ – ಅದರ ಕಾರ್ಬನ್ನಿಗೆ ಬದಲಾಗಿ ಇಲ್ಲಿ ಸೌದೆ ಉರಿಯುವುದು ತಪ್ಪಬೇಕು. ತಪ್ಪಿತೋ ಇಲ್ಲವೋ ನೋಡುವುದು ನನ್ನ ಕೆಲಸ. ಮೂರು ವರ್ಷವಾಯಿತು. ಬೇಜಾರಿಲ್ಲ.

ನಾಳೆ ಮುಳ್ಳೂರು.

ಜುಲೈ 9, ಸಂಜೆ

ಶಿವರತ್ನಮ್ಮನವರ ಅಡುಗೆಮನೆ ತುಂಬ ಹೊಗೆ. ಸೌದೆ ಒಲೆ ಮೇಲೆ ಹಿಟ್ಟಿನ ಪಾತ್ರೆ. ನಮ್ಮ ಒಲೆ ಮೇಲೆ ಈರುಳ್ಳಿ ಮೊರ.

"ಯುಗಾದಿ ಅಬ್ಬುಕ್ಕೇ ಕೆಟ್ಟೋಯ್ತು ಕಣವ್ವ ಪವಿತ್ರ."

ಏಪ್ರಿಲ್ ಕೊನೆಯಲ್ಲಿ ಆ್ಯಪ್‌ನಲ್ಲಿ 'ದಿನಾ ಬಳಕೆ' ಅಂತ ಬಿದ್ದಿದೆ. ಹಾಕಿದವಳು ನಾನೇ. ಆ ವಾರ ಜ್ವರ. ಒಂಬತ್ತು ಮನೆಗೆ ಹೋಗಲೇ ಇಲ್ಲ, ಹಳೇ ಫೋಟೊ ಹಾಕಿ ಮುಗಿಸಿದ್ದೆ.

"ಫೋನಾದ್ರೂ ಮಾಡ್ಬಾರ್ದಿತ್ತಾ ಅವ್ವ?"

"ಯಾರ್ಗ್ ಯೋಳಾನ? ನೀನೂ ಬರ್ನಿಲ್ವಲ್ಲ."

ಕೋಪ ಇರಲಿಲ್ಲ ಮಾತಿನಲ್ಲಿ. ಅದಕ್ಕೇ ಹೆಚ್ಚು ಚುಚ್ಚಿತು. ಕಾಫಿ ಕೊಟ್ಟರು. ಕಣ್ಣೊರೆಸಿಕೊಂಡು ಕುಡಿದೆ – ಹೊಗೆಗೆ ಅಂತ ಅಂದುಕೊಂಡಿರಬೇಕು.

ಜುಲೈ 11

ಮುಳ್ಳೂರಿನ ನಲವತ್ತೂ ಮನೆ ನೋಡಿದೆ. ಹದಿನೇಳು ಒಲೆ ಉರಿಯುತ್ತಿಲ್ಲ. ಮೂರು ಮನೆಯಲ್ಲಿ ದನವೇ ಇಲ್ಲ, ಸಗಣಿ ಎಲ್ಲಿಂದ?

ಕೊಳ್ಳೇಗಾಲದ ಆಫೀಸಿಗೆ ಬಂದು ಸೂಪರ್‌ವೈಸರ್ ಗುರುಪ್ರಕಾಶ್ ಸರ್‌ಗೆ ಹೇಳಿದೆ. ಏಪ್ರಿಲ್ ವಿಷಯವನ್ನೂ. ಅವರು ಎದ್ದು ಬಾಗಿಲು ಹಾಕಿದರು.

"ಕಂಪನಿಯೋರು ಆಗ್ಲೇ ವರದೀಲಿ ಆಕ್ಬುಟ್ಟವ್ರೆ ಕಣಮ್ಮ, ನಮ್ ಕಾರ್ಬನ್ ಎಲ್ಲಾ ಸರಿದೂಗಿಸ್ಬುಟ್ಟೊ ಅಂತ. ಈಗ ಇದ ಯೋಳುದ್ರೆ ಪ್ರಾಜೆಕ್ಟೇ ನಿಂತೋಯ್ತದೆ. ನಿನ್ ಕೆಲ್ಸ, ನನ್ ಕೆಲ್ಸ ಎಲ್ಡೂ."

ಕೆಟ್ಟವರಲ್ಲ. ಹೆದರಿದ್ದಾರೆ. ನನಗೂ ಹೆದರಿಕೆಯೇ... ಯೋಚಿಸಲು ಸೋಮವಾರದವರೆಗೆ ಟೈಮ್ ಕೇಳಿದೆ.

ಜುಲೈ 14, ಸೋಮವಾರ

ಈ ಒಲೆಗಳಿಗೆ ಗ್ಯಾಸಿನ ಗುಂಡಿ ಕಟ್ಟಿದ್ದ ಯಳಂದೂರಿನ ಗಾರೆ ಕೆಲಸದ ಚಿಕ್ಕಮಾದಪ್ಪನವರನ್ನು ಮುಳ್ಳೂರಿಗೆ ಕರೆದುಕೊಂಡು ಹೋದೆ. ಶಿವರತ್ನಮ್ಮ ಅರಿಶಿನದ ಹೊಲಕ್ಕೆ ಗೊಬ್ಬರ ಬೇಕು ಅಂತ ಗುಂಡಿಗೆ ಸಗಣಿ ಹಾಕುತ್ತಲೇ ಇದ್ದಾರೆ. ಹಾಗಾದರೆ ಗ್ಯಾಸ್ ಎಲ್ಲಿ?

ಚಿಕ್ಕಮಾದಪ್ಪ ಪೈಪಿಗೆ ಕಿವಿ ಕೊಟ್ಟು ಅಲ್ಲಾಡಿಸಿದರು. "ಗುಂಡಿ ಚೆಂದಾಗದೆ ಕಣಮ್ಮ. ಪೈಪ್ನಲ್ಲಿ ನೀರ್ ಕಟ್ಕಂಡದೆ."

ಪೈಪಿನ ತಗ್ಗಿನಲ್ಲಿ ಒಂದು ಸಣ್ಣ ನಲ್ಲಿ. ತಿರುಗಿಸಿದರು. ಒಂದು ಚೊಂಬಿನಷ್ಟು ನಾರುವ ನೀರು ಬಂತು. ಒಲೆಗೆ ಕಡ್ಡಿ ಗೀರಿದರೆ – ಭುಸ್ ಅಂತ ನೀಲಿ ಉರಿ!

"ಇಷ್ಟೇಯಾ?" ಅಂದರು ಶಿವರತ್ನಮ್ಮ. "ಇಷ್ಟುಕ್ಕಾ ನಾನು ಮೂರೂವರೆ ತಿಂಗ್ಳು ಒಗೆ ಕುಡುದ್ದು?"

ತಿಂಗಳಿಗೊಂದು ಸಲ ಆ ನಲ್ಲಿ ಬಿಡಬೇಕು ಅಂತ ಯಾರಿಗೂ ಯಾರೂ ಹೇಳಿಲ್ಲ. ನನಗೂ ಗೊತ್ತಿರಲಿಲ್ಲ. ಸಂಜೆಯೊಳಗೆ ಇನ್ನೂ ನಾಲ್ಕು ಮನೆಯ ಒಲೆ ಉರಿದವು.

ಜುಲೈ 15

ಸರ್ ಖುಷಿಯಾಗಿ ಹೇಳಿದರು, "ಈಗ ಒಂದೊಂದೇ ಉರೀತಾವಲ್ಲ, ಏಪ್ರಿಲ್ ಸುದ್ದಿ ಯಾಕಮ್ಮ ಕೆದುಕ್ತಿಯೆ?"

ಬಿಟ್ಟುಬಿಡಬಹುದಿತ್ತು. ಎಷ್ಟು ಸುಲಭ... ಆದರೆ ಆ ತಿಂಗಳೆಲ್ಲ ಅವರು ಸೌದೆ ಉರಿಸಿದ್ದಾರೆ. ಹೊಗೆ ಎದ್ದಿದೆ. ಅದು ಎದ್ದಿಲ್ಲ ಅಂತ ಬರೆದದ್ದು ನಾನು. ಹದಿನೇಳು ಮನೆ, ಅದರಲ್ಲಿ ಒಂಬತ್ತು ನನ್ನ ಸುಳ್ಳು – ಎಲ್ಲ ಬರೆದು ಸರ್ ಎದುರಿಗೇ ಕಂಪನಿಗೆ ಮೇಲ್ ಕಳಿಸಿದೆ. ಅವರು ತಡೆಯಲಿಲ್ಲ. ಫ್ಯಾನ್ ನೋಡುತ್ತಾ ಕೂತರು.

ಜುಲೈ 23

ಕಂಪನಿಯ ಹವಾಮಾನ ವಿಭಾಗದ ಮಾಲಿನಿ ಮೇಡಂ ಬಂದಿದ್ದರು. ಬಸ್ಸಿನಲ್ಲಿ! ಸೀದಾ ಮುಳ್ಳೂರಿಗೆ ಹೋದೆವು. ಶಿವರತ್ನಮ್ಮ ಮಣೆ ಹಾಕಿ ಕೂರಿಸಿ ಕೇಳಿದರು:

"ನಿಮ್ ಒಗೆ ಲೆಕ್ಕವ ನಮ್ಮನೇಲಿ ಬರ್ಕತೀರಿ. ನಮ್ಮನೆ ಒಗೆ ಲೆಕ್ಕವ ಯಾರವ್ವ ಬರ್ಕಳಾರು?"

ಮೇಡಂ ಕೈಯಲ್ಲಿದ್ದ ವರದಿ ಮಡಿಚಿಟ್ಟರು. ಆಮೇಲೆ ಅಂದರು, "ಬರ್ಕೋಬೇಕಾದೋರು ನಾವೇ ಅಮ್ಮ. ನಮ್ಮ ವರದಿ ತಪ್ಪಾಗಿದೆ. ತಿದ್ದಬೇಕು."

ನನ್ನ ಕಡೆ ತಿರುಗಿ – "ಹಳೇ ಫೋಟೊ ಹಾಕಿದ್ದು ತಪ್ಪು, ಪವಿತ್ರ. ಅದೂ ದಾಖಲಾಗುತ್ತೆ."

ಆಗಲಿ ಅಂದೆ. ಒಂಬತ್ತು ಮನೆಗೂ ಹೋಗಿ ನಾನೇ ತಪ್ಪು ಹೇಳಿಕೊಂಡೆ. ಒಂದು ಮನೆಯವರು ಬೈದರು. ಉಳಿದವರು ಕಾಫಿ ಕೊಟ್ಟರು. ಎಂಟು ಕಾಫಿ.

ಸೆಪ್ಟೆಂಬರ್ 19

ಕಂಪನಿಯ ಪತ್ರ ಬಂತು. ನನಗೆ ಎಚ್ಚರಿಕೆ. ಕೆಲಸ ಉಳಿಯಿತು. ಪ್ರಾಜೆಕ್ಟೂ.

ಕಂಪನಿಯ ವೆಬ್‌ಸೈಟ್‌ನಲ್ಲಿ ವರದಿ ತಿದ್ದಿದ್ದಾರೆ: ನಾವು ಹೇಳಿದ್ದಕ್ಕಿಂತ ಕಡಿಮೆ ಮಾಡಿದ್ದೇವೆ ಅಂತ, ಮೊದಲ ಪುಟದಲ್ಲೇ. ಬೇರೆ ಊರುಗಳ ಒಲೆಗಳನ್ನೂ ಮತ್ತೆ ನೋಡಿಸುತ್ತಾರಂತೆ. ವಿಮಾನದ ಓಡಾಟ ಮುಂದಿನ ವರ್ಷ ಅರ್ಧಕ್ಕೆ ಇಳಿಸುತ್ತಾರಂತೆ. ಮಾಡಲಿ, ನೋಡೋಣ.

ಗುರುಪ್ರಕಾಶ್ ಸರ್ ಎರಡು ಸಲ ಓದಿ ಟೀ ತರಿಸಿದರು. "ನಿಂತೋಯ್ತದೆ ಅಂದ್ಕಂಡಿದ್ದೆ ಕಣಮ್ಮ." ನಗು ಬಂತು ಇಬ್ಬರಿಗೂ.

ನಲ್ಲಿ ಬಿಡುವುದನ್ನು ಊರೂರಿನ ಹೆಂಗಸರಿಗೆ ಕಲಿಸಬೇಕಂತೆ. ಕಲಿಸಲು ಶಿವರತ್ನಮ್ಮನವರನ್ನೇ ಕೇಳಿದೆ. "ನಾನಾ? ಮೇಷ್ಟ್ರಾ?" ಅಂದರು. ಅಷ್ಟರಲ್ಲೇ ಯಾವ ಸೀರೆ ಅಂತ ಯೋಚಿಸುತ್ತಿದ್ದರು.

ಅಕ್ಟೋಬರ್ 10, ಬೆಳಿಗ್ಗೆ ಹನ್ನೊಂದು

ಮಾರ್ಟಳ್ಳಿ. ರಾಮಮ್ಮ ಅನ್ನುವವರ ಜಗಲಿ. ಅವರದು ಅರ್ಧ ತಮಿಳು, ಶಿವರತ್ನಮ್ಮನವರದು ಮುಳ್ಳೂರು ಕನ್ನಡ. ಆದರೂ ಇಬ್ಬರ ಮಾತು ನಿಲ್ಲುತ್ತಿಲ್ಲ. ಸುತ್ತ ಹತ್ತು ಹನ್ನೆರಡು ಹೆಂಗಸರು.

ರಾಮಮ್ಮನವರ ಒಲೆ: ಉರಿಯುತ್ತಿಲ್ಲ. ಹಾಗೇ ಹಾಕಿದೆ ಆ್ಯಪ್‌ಗೆ.

ಒಳಗೆ ನೀರು ಸುರಿದ ಸದ್ದು. ಎಲ್ಲರೂ ಮೂಗು ಮುಚ್ಚಿಕೊಂಡು ನಗುತ್ತಿದ್ದಾರೆ. ಶಿವರತ್ನಮ್ಮ ಜೋರಾಗಿ ಹೇಳುತ್ತಿದ್ದಾರೆ, "ಈಗ ಕಡ್ಡಿ ಗೀರವ್ವ, ಎದರ್ಬ್ಯಾಡ..." ಕರೆಯುತ್ತಿದ್ದಾರೆ ನನ್ನನ್ನೂ. ಹೋಗಿ ನೋಡಿ ಬಂದು ಉಳಿದದ್ದು ಬರೆಯುತ್ತೇನೆ.