ಚಕ್ರದ ಕೆಳಗಿನ ನಿಂಬೆಹಣ್ಣು

ಲಿಮೆರಿಕ್, ಭಾನುವಾರ

ಅಮ್ಮಾ,

ಸೈಕಲ್ ಅಂದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ವಾಟರ್‌ಫರ್ಡ್‌ಗೆ, ನೀನಿರುವ ಅಕ್ಕನ ಮನೆ ವಿಳಾಸಕ್ಕೆ ಈ ಪತ್ರ. ನನ್ನ ಭುಜದ ಮೂಳೆ ಕೂಡಿಕೊಂಡಿದೆ. ಡಾಕ್ಟರು ಇಲ್ಲಿಯವರ ಧಾಟಿಯಲ್ಲಿ ‘ಗ್ರ್ಯಾಂಡ್’ ಅಂದರು, ಎಲ್ಲ ಸರಿಹೋಗಿದೆ ಅಂತ. ಏಪ್ರಿಲ್‌ನಲ್ಲಿ ಸ್ಪೇನಿನ ಹಳ್ಳಿಗಾಡಿನಲ್ಲಿ ಒಂದು ದಿನ ಮೌಂಟನ್ ಬೈಕ್ ಓಡಿಸಬೇಕು ಅಂತಿದ್ದೇನೆ. ಸಾಧಾರಣ ಏರಿನ ಮಣ್ಣುದಾರಿ. ಕಡಿದಾದ ಇಳಿಜಾರುಗಳನ್ನೆಲ್ಲ ಬಿಟ್ಟಿದ್ದೇನೆ.

‘ಹೊಸ ಸೈಕಲ್ ಪೂಜೆ ದಿನ ಚಕ್ರದಡಿ ನಿಂಬೆಹಣ್ಣು ಇಡೋದೇ ಮರೆತ್ಬಿಟ್ಟೆ, ಅದಕ್ಕೇ ಮಗಳು ಬಿದ್ಲು’ ಎಂದು ಕೊರಗುತ್ತೀಯಂತೆ, ಅಕ್ಕ ಹೇಳಿದಳು. ನಾನು ಬಿದ್ದದ್ದು ಒದ್ದೆ ಎಲೆಗಳ ಮೇಲೆ ಜಾರಿ, ಅಮ್ಮಾ. ಆದರೂ ಈಗ ಸೈಕಲ್ ಹತ್ತಲು ಹೋಗಿ, ಹತ್ತದೆ ಮತ್ತೆ ಗೋಡೆಗೇ ಒರಗಿಸಿಬಿಡುತ್ತೇನೆ.

ನೀನೂ ಬರಬೇಕು. ಸ್ಪೇನಿನ ವೀಸಾಕ್ಕೆ ಫೋಟೊ ತೆಗೆಸಿ ಕಳಿಸು. ನಿಂಬೆಹಣ್ಣು ಅಲ್ಲಿಂದ ಹೊತ್ತು ತರಬೇಡ. ಆ ದಾರಿಯುದ್ದಕ್ಕೂ ನಿಂಬೆ ತೋಟಗಳೇ. ನೀನು ಒಂದನ್ನು ಚಕ್ರದಡಿ ಇಟ್ಟ ಮೇಲೇ ನಾನು ಪೆಡಲ್ ತುಳಿಯುವುದು.

ನಿನ್ನ
ಇಂಚರಾ